ಬಲಕ್ಕೆ ಬಿದ್ದ ಹೂವು

ಅಂದು ಅಮ್ಮನ ಬಲಗಡೆಯಿಂದ ಹೂವು ಬೀಳಿಸಿದವನು ನಾನು. ಅಮ್ಮನ ಪಾತ್ರ ಅದರಲ್ಲಿ ಏನೂ ಇರಲಿಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ಅರ್ಧ ಆಯಸ್ಸು ಹಿಡಿಯಿತು. ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ — ನನಗಂತೂ ಇನ್ನೂ ಏನೂ ಹಗುರಾಗಿಲ್ಲ. ಪೂರ್ತಿ ಹೇಳಿಲ್ಲವಲ್ಲ, ಅದಕ್ಕೇ ಇರಬೇಕು. ಹೂವಿನದು ಮೊದಲನೆಯ ತಪ್ಪು. ಅದನ್ನು ಓದುವಾಗ ನಗು ಬಂದರೆ ನಗಬಹುದು, ನನಗೂ ಒಮ್ಮೊಮ್ಮೆ ಬರುತ್ತದೆ. ಆದರೆ ಅದರ ಬೆನ್ನಿಗೆ ಎರಡನೆಯದೊಂದಿದೆ. ಅದರ ಹತ್ತಿರ ಬಂದಾಗ ನಾನು ಸುತ್ತಿ ಬಳಸಿ ಮಾತಾಡತೊಡಗಿದರೆ, ಓದುವವರು ದಯವಿಟ್ಟು ಒಮ್ಮೆ ಕೆಮ್ಮಿ ಎಚ್ಚರಿಸಬೇಕು.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಎಪ್ಪತ್ತರ ದಶಕದ ಮಾತು. ನಮ್ಮ ಮನೆಯ ನಡುಮನೆಯಲ್ಲಿ ನಾಲ್ಕು ಕರೆಂಟು ಮಗ್ಗಗಳಿದ್ದವು. ಕರೆಂಟು ಇದ್ದಷ್ಟು ಹೊತ್ತು ಬೀದಿಗೆ ಬೀದಿಯೇ ಲಟಪಟ ಎನ್ನುತ್ತಿತ್ತು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರಾದ್ದರಿಂದ ನಾವು ಕ್ಷೇಮಸಮಾಚಾರ ವಿಚಾರಿಸಿದರೂ ಹೊರಗಿನವರಿಗೆ ಜಗಳದಂತೆ ಕೇಳುತ್ತಿತ್ತು. ಮಗ್ಗ ಓಡುವಾಗ ತೊಟ್ಟಿಲ ಕೂಸು ಹಾಯಾಗಿ ಮಲಗಿರುತ್ತಿತ್ತು, ಕರೆಂಟು ಹೋಗಿ ನಿಶ್ಶಬ್ದವಾದರೆ ಬೆಚ್ಚಿ ಎದ್ದು ಅಳುತ್ತಿತ್ತು. ನಮ್ಮ ಮನೆಗೆ ಅಂಟಿಕೊಂಡೇ ನಮ್ಮ ಬೀದಿಯ ದೇವತೆ ಅಮ್ಮನ ಪುಟ್ಟ ಗುಡಿ. ಎರಡಕ್ಕೂ ಗೋಡೆ ಒಂದೇ — ಈ ಕಡೆ ನನ್ನ ಮಗ್ಗ, ಆ ಕಡೆ ಅಮ್ಮನ ಬೆನ್ನು. ಈ ಗೋಡೆಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಮುನಿಕೃಷ್ಣಪ್ಪ ನನ್ನ ಸರೋಜಕ್ಕನ ಗಂಡ, ನನ್ನ ಭಾವ. ಹತ್ತಿರದ ಹಳ್ಳಿ ಮಧುರೆಯಿಂದ ನಮ್ಮ ಮನೆಗೆ ಮನೆ ಅಳಿಯನಾಗಿ ಬಂದವರು. ನಮ್ಮಪ್ಪನಿಗೆ ಮಗ್ಗ ಕೊಳ್ಳುವ ಧೈರ್ಯ ಇತ್ತೇ ಹೊರತು ಅದನ್ನು ರಿಪೇರಿ ಮಾಡುವ ಕೈ ಇರಲಿಲ್ಲ. ನನಗೆ ಎರಡೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆ, ಮಗ್ಗ ಎಲ್ಲ ನನ್ನ ಹೆಸರಿಗೆ ಬಂದವು, ಕೆಲಸವೆಲ್ಲ ಭಾವನ ಪಾಲಿಗೆ ಹೋಯಿತು. ನಾನು ಯಜಮಾನ, ಅವರು ಕೂಲಿ ಲೆಕ್ಕದವರು. ಬಾಯಿಬಿಟ್ಟು ಯಾರೂ ಹಾಗೆ ಅಂದಿಲ್ಲ, ಆದರೆ ವಾರದ ಕೂಲಿ ಕೊಡುವಾಗ ನಾನು ಕೊಡುತ್ತಿದ್ದೆ, ಅವರು ತೆಗೆದುಕೊಳ್ಳುತ್ತಿದ್ದರು.

ಬೀದಿಯವರು ಕೆಟ್ಟವರಲ್ಲ. ಆದರೂ ಭಾವ ಬೀಡಿ ತರಲು ಅಂಗಡಿಗೆ ಹೋದರೆ ಯಾರಾದರೊಬ್ಬರು, "ಏನ್ ಮನೆ ಅಳಿಯಂದಿರು, ಮಾವನ ಮನೆ ಮುದ್ದೆ ಗಟ್ಟಿ ಐತಾ?" ಎನ್ನುವರು. ಭಾವ ನಗುವರು. ನಕ್ಕು ಮನೆಗೆ ಬಂದು ಅಕ್ಕನಿಗೂ ಅದನ್ನು ಹೇಳಿ ನಗಿಸಲು ನೋಡುವರು. ಅಕ್ಕ ನಗುತ್ತಿರಲಿಲ್ಲ.

"ಒಂದೇ ಒಂದು ಮಗ್ಗ ಸಾಕು ಕಣೋ ನಾಗ," ಎನ್ನುತ್ತಿದ್ದಳು ನನ್ನ ಹತ್ತಿರ. "ನಮ್ದು ಅಂತ ಒಂದು ಹೊಸಿಲು. ಇವರು ಸಂಜೆ ಅದರ ಮೇಲೆ ಕೂತ್ಕೊಂಡು ಬೀಡಿ ಸೇದ್ಲಿ, ಯಾರೂ ಏನೂ ಅನ್ನಲ್ಲ."

ನಾನು, "ದೇವರು ಕೊಟ್ಟಾಗ ಆಗುತ್ತೆ ಬಿಡಕ್ಕ," ಎನ್ನುತ್ತಿದ್ದೆ. ದೇವರು ಅಷ್ಟು ಬೇಗ ಕೊಡುವವನಲ್ಲ ಎಂಬ ಧೈರ್ಯದಲ್ಲಿ.

ದೇವರು ಕೊಡಲಿಲ್ಲ, ನಿಜ. ಕೊಟ್ಟವರು ಶೇಷಗಿರಿರಾಯರು. ಅವರು ಬೆಂಗಳೂರಿನ ಒಂದು ಆಫೀಸಿನಲ್ಲಿ ಗುಮಾಸ್ತರು. ದಿನಾ ರೈಲಿನಲ್ಲಿ ಹೋಗಿ ಬರುವರು. ಆ ರೈಲಿನಲ್ಲಿ ಅವರ ಎದುರು ಕೂರುತ್ತಿದ್ದವನೊಬ್ಬನ ಭಾವಮೈದ ಯಾವುದೋ ಷೇರು ದಲ್ಲಾಳಿಯ ಹತ್ತಿರ ಕೆಲಸಕ್ಕಿದ್ದನಂತೆ. ಆ ದಾರಿಯಲ್ಲಿ ನಮ್ಮ ಬೀದಿಗೆ ಷೇರು ಬಂತು. ಅದು ಒಂದು ತಾಳೆ ಎಣ್ಣೆ ಕಂಪನಿ. ಆಫೀಸು ಮದರಾಸಿನಲ್ಲಿ, ತೋಟ ಸಮುದ್ರದಾಚೆ ಮಲಯಾದಲ್ಲಿ. ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿತ್ತು. ನಾವು 'ಎಣ್ಣೆ ಕಂಪನಿ' ಎನ್ನುತ್ತಿದ್ದೆವು.

ನೂಲಿನ ಅಂಗಡಿ ಅಶ್ವತ್ಥಪ್ಪನವರಿಗೆ ಮೊದಲಿಗೆ ನಂಬಿಕೆ ಬರಲಿಲ್ಲ. "ತಾಳೆ ಮರದಾಗೆ ಎಣ್ಣೆ ಬತ್ತದೇನ್ರೀ ರಾಯರೇ? ನಮ್ ಕಡೆ ಹೆಂಡ ಬತ್ತದೆ."

"ಅದು ಬೇರೆ ಜಾತಿ ತಾಳೆ ಕಣ್ರೀ. ಕೆಂಪಗೆ ಗೊಂಚಲು ಬಿಡುತ್ತಂತೆ."

"ನೀವು ನೋಡಿದ್ದೀರಾ?"

"ಷೇರು ತಗೊಳ್ಳೋಕೆ ಮರ ಯಾಕ್ರೀ ನೋಡ್ಬೇಕು?"

ಈ ಮಾತು ನಮಗೆಲ್ಲ ಬಹಳ ಸರಿಯಾಗಿ ಕಂಡಿತು. ಅಶ್ವತ್ಥಪ್ಪನವರೂ ಕೊಂಡರು. ಅಷ್ಟೇ ಅಲ್ಲ, ಷೇರಿನ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿ ಶುಕ್ರವಾರ ಅದಕ್ಕೂ ಕುಂಕುಮ ಇಟ್ಟರು. ನಾನೂ ಕೊಂಡೆ. ಭಾವ ಮಧುರೆಯಲ್ಲಿ ತಮ್ಮ ಪಾಲಿಗಿದ್ದ ತುಂಡು ಹೊಲ ಮಾರಿ ಬಂದದ್ದನ್ನೆಲ್ಲ ಅದಕ್ಕೇ ಹಾಕಿದರು. ಪತ್ರವನ್ನು ಅಕ್ಕ ತನ್ನ ಧಾರೆ ಸೀರೆಯ ಮಡಿಕೆಯಲ್ಲಿಟ್ಟಳು.

ಷೇರಿನ ಬೆಲೆ ಏರಿತು. ಮೊದಲು ಮೆಲ್ಲಗೆ, ಆಮೇಲೆ ಮೆಟ್ಟಿಲು ಹಾರಿ ಹಾರಿ. ಪೇಪರಿನಲ್ಲಿ ಆ ಪುಟ್ಟ ಅಕ್ಷರದ ಪುಟವನ್ನು ಬೆರಳಿಟ್ಟು ಓದುವುದು ನನಗೆ ಬರುತ್ತಿತ್ತು. ಅಷ್ಟಕ್ಕೇ ಬೀದಿಯಲ್ಲಿ ನನಗೆ 'ಷೇರು ತಿಳಿದವನು' ಎಂದು ಹೆಸರಾಯಿತು. ಸಂಜೆ ನಮ್ಮ ಜಗಲಿಯ ಮೇಲೆ ಎಲ್ಲರೂ ಸೇರುವರು, ನಾನು ಬೆಲೆ ಓದುವೆನು, ಅವರು ತಲೆದೂಗುವರು. ಭಾವ ಮಾತ್ರ ಒಳಗೆ ಮಗ್ಗದ ಹತ್ತಿರ ನಿಂತೇ, "ಎಷ್ಟು?" ಎಂದು ಬೆರಳಲ್ಲಿ ಕೇಳುವರು. ನಾನು ಬೆರಳಲ್ಲೇ ಹೇಳುವೆನು. ಮಗ್ಗದ ಸದ್ದಿನಲ್ಲಿ ನಾವೆಲ್ಲ ಹಾಗೇ, ತುಟಿ ನೋಡಿ, ಬೆರಳು ನೋಡಿ ಮಾತಾಡುವವರು.

ಒಂದು ದಿನ ನಾನು ಬೆರಳೆತ್ತಿ ಹೇಳಿದಾಗ ಭಾವ ಮಗ್ಗ ನಿಲ್ಲಿಸಿಬಿಟ್ಟರು. ಅಂದಿನ ಬೆಲೆಗೆ ಮಾರಿದರೆ ಒಂದು ಮಗ್ಗಕ್ಕೂ, ಹಿಂದಿನ ಬೀದಿಯಲ್ಲಿ ಅಕ್ಕ ನೋಡಿಟ್ಟಿದ್ದ ಜಗಲಿ ಮನೆಯ ಮುಂಗಡಕ್ಕೂ ಸರಿಯಾಗುತ್ತಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನ ಕಡೆ ನೋಡಿದರು, ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಯಾಕೆ ಸೇರಲಿಲ್ಲ ಎಂದರೆ — ಭಾವ ಹೋದರೆ ನನ್ನ ನಾಲ್ಕು ಮಗ್ಗಗಳು ನಾಲ್ಕು ಕಬ್ಬಿಣದ ಮಂಚಗಳು. ಅವರಿಲ್ಲದೆ ಒಂದು ಬೆಲ್ಟು ಕಳಚಿದರೂ ಹಾಕಲು ನನಗೆ ಬರದು. ಇದು ಒಂದು ಕಾರಣ. ಇನ್ನೊಂದು — ಅಪ್ಪ ಹೋದ ಮೇಲೆ ಆ ಮನೆಯಲ್ಲಿ ನನ್ನನ್ನು ಬೈಯುವವರು, ತಟ್ಟೆ ಮುಂದೆ ಕೂರಿಸುವವರು ಅವರಿಬ್ಬರೇ ಇದ್ದದ್ದು. ಅದನ್ನು ಹೇಳಿ, "ಹೋಗಬೇಡಿ" ಎಂದಿದ್ದರೆ ಮುಗಿಯುತ್ತಿತ್ತೇನೋ. ಯಜಮಾನನಾದವನು ಹಾಗೆ ಕೇಳುವುದು ಹೇಗೆ ಎಂದು... ಕೇಳಲಿಲ್ಲ.

ಆ ಹೊತ್ತಿಗೇ ಗಾಳಿಮಾತುಗಳು ಶುರುವಾದವು. ರಾಯರು ಒಂದು ಸಂಜೆ ರೈಲಿಳಿದು ಮನೆಗೂ ಹೋಗದೆ ನೇರ ನಮ್ಮ ಜಗಲಿಗೆ ಬಂದರು. ಮಲಯಾದಲ್ಲಿ ತಾಳೆ ಮರಗಳಿಗೆ ಹುಳ ಬಿದ್ದಿದೆಯಂತೆ, ತೋಟಕ್ಕೆ ತೋಟವೇ ಒಣಗುತ್ತಿದೆಯಂತೆ. ಮರುದಿನ ಅಶ್ವತ್ಥಪ್ಪನವರು ಬೇರೆ ಸುದ್ದಿ ತಂದರು. ಹಿಂದೂಪುರದ ನೂಲಿನ ಸಾಹುಕಾರ ಹೇಳಿದ್ದು: ಇನ್ನು ಮೇಲೆ ರೇಷನ್ ಅಂಗಡಿಯಲ್ಲಿ ಸರ್ಕಾರ ಇದೇ ಎಣ್ಣೆ ಕೊಡುತ್ತದೆ, ಷೇರಿನ ಬೆಲೆ ಗಗನಕ್ಕೆ ಹೋಗುತ್ತದೆ. ಅದರ ಮರುದಿನ ಕಂಪನಿಯ ಹಡಗು ಮುಳುಗಿತು. ಅದರ ಮರುದಿನ ಮುಳುಗಿಲ್ಲವೆಂದೂ ಬರುವುದು ತಡವಾಗಿದೆಯೆಂದೂ ತಿಳಿಯಿತು.

"ಹುಳ ಗಿಳ ಎಲ್ಲಾ ಸುಳ್ಳು," ಅಶ್ವತ್ಥಪ್ಪನವರು ಜಗಲಿ ಕುಟ್ಟಿ ಹೇಳಿದರು. "ನಲ್ಲೂರಾಗೆ ಹುಣಸೆ ತೋಪು ಐತೆ. ಯಾವ ರಾಜರ ಕಾಲದ್ದೋ ಏನೋ. ಅದಕ್ಕೆ ಹುಳ ಬಿದ್ದೈತಾ? ಇಲ್ಲ. ಹಂಗೇ ಇದೂನೂ."

"ಹುಣಸೆ ಮರಕ್ಕೂ ತಾಳೆ ಮರಕ್ಕೂ ಏನ್ರೀ ಸಂಬಂಧ?"

"ಮರ ಮರ ಎಲ್ಲಾ ಒಂದೇ ಅಲ್ವಾ ರಾಯರೇ. ಮರ ಯಾಕೆ ನೋಡ್ಬೇಕು ಅಂದೋರು ನೀವೇ."

ಹೀಗೆ ದಿನಾ ನಡೆಯುತ್ತಿತ್ತು. ನಾನು ಎಲ್ಲವನ್ನೂ ಕೇಳಿ ಕೊನೆಗೆ, "ಇಟ್ಕೊಳ್ಳೋದೇ ಒಳ್ಳೇದು" ಎನ್ನುತ್ತಿದ್ದೆ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ, ನಾನು ಷೇರು ತಿಳಿದವನಲ್ಲವೇ.

ಭಾವ ಒಂದು ಸಂಜೆ ಜಗಲಿಗೆ ಬಂದು ಕೂತರು. "ನಾನು ಮಾರ್ಬಿಡ್ತೀನಿ ನಾಗ. ಹುಳ ಬಿದ್ದೈತೋ ಬಿಟ್ಟೈತೋ, ನಂಗೆ ಒಂದು ಮಗ್ಗಕ್ಕೆ ಆಗೋವಷ್ಟು ಬಂದೈತೆ. ಸಾಕು."

"ಇನ್ನೊಂದ್ ಸ್ವಲ್ಪ ದಿನ ತಡೀರಿ ಭಾವ. ಎರಡು ಮಗ್ಗಕ್ಕಾಗುತ್ತೆ."

"ಎರಡು ಮಗ್ಗ ಇಟ್ಕೊಂಡು ಏನ್ ಮಾಡ್ಲಪ್ಪಾ? ನಂಗಿರೋದು ಎರಡೇ ಕೈ."

ನಾನು ಬಿಡಲಿಲ್ಲ. ಸರ್ಕಾರ ಎಂದೆ, ರೇಷನ್ ಎಂದೆ, ದೇಶದಲ್ಲಿರುವ ಬಾಣಲೆಗಳ ಲೆಕ್ಕ ಹೇಳಿದೆ. ಭಾವನ ಮನಸ್ಸು ಅತ್ತಿತ್ತ ತೂಗತೊಡಗಿತು. ಆಗ ಒಳಗಿನಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಳು.

"ಗಂಡಸರೆಲ್ಲ ಜಗಲಿ ಮೇಲೆ ಕೂತ್ಕೊಂಡು ಸಮುದ್ರದಾಚೆ ಮರ ಎಣಿಸ್ತಾ ಇದ್ದೀರಿ. ಪಕ್ಕದಲ್ಲೇ ಅಮ್ಮ ಇಲ್ವಾ? ಹೂವು ಕೇಳಿ. ಏನ್ ಹೇಳ್ತಾಳೋ ಹಂಗೆ ಮಾಡಿ."

ಅಲ್ಲಿಗೆ ಚರ್ಚೆ ಮುಗಿಯಿತು. ನಮ್ಮ ಕಡೆ ಹೂವು ಕೇಳುವುದೆಂದರೆ ಹೀಗೆ: ಪೂಜಾರಪ್ಪ ಅಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂವು ಅಂಟಿಸುತ್ತಾರೆ. ಕೇಳುವವನು ತನ್ನ ಪ್ರಶ್ನೆಯನ್ನು ಅಮ್ಮನ ಮುಂದಿಟ್ಟು ಕೈಮುಗಿದು ಕೂರುತ್ತಾನೆ. ಬಲಗಡೆಯ ಹೂವು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಮದುವೆ, ಬಾವಿ, ಹಸು, ಕೋರ್ಟು ವ್ಯವಹಾರ ಎಲ್ಲಕ್ಕೂ ಹೂವು ಕೇಳಿದ ಬೀದಿ ನಮ್ಮದು. ಷೇರಿಗೆ ಕೇಳಿದ್ದು ಅದೇ ಮೊದಲು.

ಈಗ ಆ ಗೋಡೆಯ ವಿಷಯ. ಗೋಡೆಗೆ ಒತ್ತಿಕೊಂಡಿದ್ದ ನನ್ನ ಮಗ್ಗ ಓಡುವಾಗ ಆ ಕಡೆ ಅಮ್ಮನ ಪೀಠ ನಡುಗುತ್ತಿತ್ತು. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಪೀಠದ ಮೇಲಿನ ಕುಂಕುಮದ ಬಟ್ಟಲು ಸಂಜೆಯೊಳಗೆ ಒಂದು ಅಂಗುಲ ಬಲಕ್ಕೆ ಜರುಗಿರುತ್ತಿತ್ತು, ಪೂಜಾರಪ್ಪ ಬೆಳಗ್ಗೆ ಅದನ್ನು ಮತ್ತೆ ಮಧ್ಯಕ್ಕೆ ಇಡುತ್ತಿದ್ದರು. ಚಿಕ್ಕಂದಿನಿಂದ ಪ್ರಸಾದಕ್ಕಾಗಿ ಅಲ್ಲೇ ಬಿದ್ದಿರುತ್ತಿದ್ದ ನನಗೆ ಇದು ಗೊತ್ತಿತ್ತು. ಮಗ್ಗ ಓಡುವಾಗ ಹೂವು ಕೇಳಿದರೆ ಬಲಗಡೆಯದೇ ಬೀಳುತ್ತದೆ. ಮಗ್ಗ ನಿಲ್ಲುವ ಅಮಾವಾಸ್ಯೆಯ ರಜೆಯಲ್ಲಿ ಕೇಳಿದರೆ ಹೇಗೆ ಬೇಕಾದರೂ ಬೀಳಬಹುದು. ನಮ್ಮ ಬೀದಿಯ ಎಷ್ಟೋ ಸಂಬಂಧಗಳು ನಮ್ಮ ಮಗ್ಗದಿಂದ ಕುದುರಿದಂಥವು. ಸಂಸಾರಗಳು ಚೆನ್ನಾಗಿಯೇ ನಡೆಯುತ್ತಿದ್ದವಾದ್ದರಿಂದ ನಾನು ಯಾರಿಗೂ ಹೇಳಿರಲಿಲ್ಲ.

ಆದರೆ ಭಾವ, ಕರೆಂಟು ಇಲ್ಲದ ಹೊತ್ತಿನಲ್ಲಿ ಕೇಳೋಣ ಎಂದರು. "ಸದ್ದಿದ್ರೆ ಅಮ್ಮಂಗೆ ನನ್ನ ಮಾತು ಸರಿಯಾಗಿ ಕೇಳ್ಸಲ್ಲ. ದೊಡ್ಡ ವಿಷಯ ಕೇಳ್ತಾ ಇದ್ದೀನಿ." ಆ ಕಾಲದಲ್ಲಿ ಕರೆಂಟು ಮಧ್ಯಾಹ್ನ ಹೋದರೆ ಸಂಜೆ ಐದಕ್ಕೆ ಬರುತ್ತಿತ್ತು. ನಾನು ಒಪ್ಪಿದೆ. ಐದಕ್ಕೆ ಸ್ವಲ್ಪ ಮುಂಚೆ ಕೂರೋಣ, ಆಗ ಬೀದಿ ತಣ್ಣಗಿರುತ್ತದೆ ಎಂದು ನಾನೇ ಹೊತ್ತು ಗೊತ್ತು ಮಾಡಿದೆ.

ಕರೆಂಟು ಹೋದ ಕೂಡಲೇ ಭಾವ ಪ್ರತಿ ಮಗ್ಗದ ಹಿಡಿಯನ್ನೂ ಹಿಂದಕ್ಕೆಳೆದು ಇಡುತ್ತಿದ್ದರು. ಅದು ಅವರ ನೇಮ. ಹಿಡಿ ಮುಂದಿದ್ದರೆ ಕರೆಂಟು ಬಂದ ಕ್ಷಣ ಮಗ್ಗ ತಾನೇ ಓಡುತ್ತದೆ, ಹತ್ತಿರ ಆಳಿಲ್ಲದಿದ್ದರೆ ಎಳೆ ಹರಿದು ಸೀರೆ ಹಾಳು. ಅಂದೂ ಎಳೆದಿಟ್ಟರು. ಎಲ್ಲರೂ ಕೈಕಾಲು ತೊಳೆದು ಗುಡಿಗೆ ನಡೆದರು. ನಾನು ಚೊಂಬು ಮರೆತೆ ಎಂದು ಹಿಂದಕ್ಕೆ ಬಂದೆ — ಚೊಂಬು ನನ್ನ ಕೈಯಲ್ಲೇ ಇತ್ತು — ಗೋಡೆಯ ಮಗ್ಗದ ಹಿಡಿಯನ್ನು ಮುಂದಕ್ಕೆ ತಳ್ಳಿದೆ. ಒಂದು ಮಾತೂ ಆಡಬೇಕಾಗಲಿಲ್ಲ. ಅಷ್ಟು ಸುಲಭದ ಕೆಲಸ.

ಗುಡಿಯಲ್ಲಿ ಪೂಜಾರಪ್ಪ ಹೂವು ಅಂಟಿಸಿದರು. ಭಾವ ಕಣ್ಣು ಮುಚ್ಚಿ, "ತಾಯಿ, ಷೇರು ಮಾರ್ಬಿಡ್ಲಾ—" ಎಂದು ಶುರುಮಾಡಿದರು. ಇದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಮಾರಲಾ ಎಂದು ಕೇಳಿ ಹೂವು ಬಲಕ್ಕೆ ಬಿದ್ದರೆ ಮಾರು ಎಂದೇ ಅರ್ಥ. ನನ್ನ ಮಗ್ಗವೇ ನನ್ನ ಮನೆ ಮುರಿಯುತ್ತಿತ್ತು.

"ಭಾವ, ಹಂಗೆ ಕೇಳ್ಬಾರ್ದು," ಎಂದೆ. "ಗುಡಿ ಒಳಗೆ ಮಾರೋ ಮಾತು ಯಾಕೆ? ಇಟ್ಕೊಳ್ಳಲಾ ಅಂತ ಕೇಳಿ."

ಪೂಜಾರಪ್ಪನವರು ತಲೆಯಾಡಿಸಿದರು. "ಹೌದಪ್ಪ. ಸಂಜೆ ಹೊತ್ತು ಲಕ್ಷ್ಮೀನ ಹೊರಗೆ ಕಳಿಸೋ ಮಾತು ಬ್ಯಾಡ."

ಭಾವ ಕೆನ್ನೆ ತಟ್ಟಿಕೊಂಡು, "ತಪ್ಪಾಯ್ತು ತಾಯಿ. ಇಟ್ಕೊಳ್ಳಲಾ?" ಎಂದು ತಿದ್ದಿ ಕೇಳಿದರು. ಹಿಂದೆ ಅಕ್ಕ, ರಾಯರು, ಅಶ್ವತ್ಥಪ್ಪನವರು ಉಸಿರು ಬಿಗಿಹಿಡಿದು ಕೂತಿದ್ದರು.

ಐದಾಯಿತು. ಕರೆಂಟು ಬರಲಿಲ್ಲ. ಎಡಗಡೆಯ ಹೂವು ಒಂದು ಎಸಳಿನ ಮೇಲೆ ನಿಂತು ಕೆಳಕ್ಕೆ ವಾಲತೊಡಗಿತು. ಇನ್ನೊಂದು ಹನಿ ನೀರು ಆರಿದರೆ ಬೀಳುವ ಹಾಗಿತ್ತು. ನಾನು ಅಮ್ಮನ ಮುಂದೆ ಕೈಮುಗಿದುಕೊಂಡು ಕರೆಂಟಿನವರನ್ನು ಬೇಡಿಕೊಂಡೆ. ಅಷ್ಟು ಭಕ್ತಿಯಿಂದ ನಾನು ಆ ಮೊದಲೂ ಆಮೇಲೂ ಯಾರನ್ನೂ ಬೇಡಿಲ್ಲ. ನನ್ನ ಹಣೆಯ ಬೆವರು ನೋಡಿ ಅಕ್ಕ, ತಮ್ಮನಿಗೆ ಭಾವನ ಮೇಲೆ ಎಷ್ಟು ಕಾಳಜಿ ಎಂದುಕೊಂಡಳಂತೆ. ಆಮೇಲೆ ಎಷ್ಟೋ ಜನರಿಗೆ ಹೇಳಿದ್ದಾಳೆ.

ಕರೆಂಟು ಬಂತು. ಬೀದಿಯೆಲ್ಲ ಒಮ್ಮೆಲೇ ಲಟಪಟ ಎಂದಿತು. ಆ ಸದ್ದಿನಲ್ಲಿ ನಮ್ಮ ಮನೆಯದೊಂದು ಮಗ್ಗವೂ ಸೇರಿದ್ದು ಯಾರ ಕಿವಿಗೂ ಬೀಳಲಿಲ್ಲ. ಕುಂಕುಮದ ಬಟ್ಟಲು ಸಣ್ಣಗೆ ಕಂಪಿಸಿತು. ಬಲಗಡೆಯ ಹೂವು ತಟ್ಟನೆ ಪೀಠದ ಮೇಲೆ ಬಿತ್ತು.

"ಅಪ್ಪಣೆ ಆಯ್ತು," ಎಂದರು ಪೂಜಾರಪ್ಪ.

ಭಾವ ಆ ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡು ಅಕ್ಕನಿಗೆ ಕೊಟ್ಟರು. ಅಕ್ಕ ಮುಡಿದುಕೊಂಡಳು. ಹಿಂದಿನ ಬೀದಿಯ ಜಗಲಿ ಮನೆಯ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ.

ನಾನು ಎಲ್ಲರಿಗಿಂತ ಮುಂಚೆ ಮನೆಗೆ ಓಡಿದೆ. ಆದರೂ ಮಗ್ಗ ತನ್ನ ಕೆಲಸ ಮಾಡಿ ಮುಗಿಸಿತ್ತು. ಲಾಳಿ ಸಿಕ್ಕಿಕೊಂಡು ಒಂದು ಗೇಣಗಲ ಎಳೆಗಳು ಹರಿದು ಜೋತುಬಿದ್ದಿದ್ದವು. ನಾನು ಹಿಡಿ ಎಳೆದು ನಿಲ್ಲಿಸುವಷ್ಟರಲ್ಲಿ ಭಾವ ಬಾಗಿಲಲ್ಲಿದ್ದರು.

"ಅಯ್ಯೋ, ಹಿಡಿ ಎಳೆಯೋದು ಮರೆತ್ಬಿಟ್ನಾ ನಾನು?" ಎಂದರು. "ನನ್ನ ಗ್ಯಾನ ಎಲ್ಲಿತ್ತೋ. ಸೀರೆ ಕೂಲಿ ಹಿಡ್ಕೋ ನಾಗ."

ಹಿಡಿದುಕೊಳ್ಳಲಿಲ್ಲ, ಅಷ್ಟಾದರೂ ಮರ್ಯಾದೆ ಇತ್ತು. ಆದರೆ, ನಾನೇ ತಳ್ಳಿದ್ದು ಎಂದೂ ಹೇಳಲಿಲ್ಲ. ಭಾವ ದೀಪ ಹಚ್ಚಿಕೊಂಡು ಕೂತು ಹರಿದ ಎಳೆಗಳನ್ನು ಒಂದೊಂದಾಗಿ ಗಂಟುಹಾಕಿದರು. ತಮಗೆ ಬೇಕಾದ ಉತ್ತರ ಬರದಿದ್ದರೂ, ಒಂದು ಉತ್ತರ ಬಂತಲ್ಲ ಎಂಬ ನೆಮ್ಮದಿ ಅವರ ಮುಖದಲ್ಲಿತ್ತು. ನಾನು ಪಕ್ಕದಲ್ಲಿ ಕತ್ತರಿ ಹಿಡಿದುಕೊಂಡು ನಿಂತಿದ್ದೆ.

ಅಮ್ಮನ ಅಪ್ಪಣೆಯ ಸುದ್ದಿ ಹಬ್ಬಿತು. ಅಶ್ವತ್ಥಪ್ಪನವರು ಗಾಜಿನ ಕಟ್ಟನ್ನು ಲಕ್ಷ್ಮಿಯ ಪಕ್ಕದಿಂದ ಲಕ್ಷ್ಮಿಯ ಮೇಲಕ್ಕೆ ಏರಿಸಿದರು. ಅವರ ನೆಲಮಂಗಲದ ಷಡ್ಡಕ ಲಾರಿಗೆ ಟೈರು ಹಾಕಿಸಬೇಕೆಂದಿದ್ದವನು ಅದನ್ನು ಬಿಟ್ಟು ಷೇರು ಕೊಂಡ. ಹುಳದ ಸುದ್ದಿ ತಂದ ರಾಯರೇ ಇನ್ನಷ್ಟು ಕೊಂಡರು.

ಆಮೇಲೆ ಕಂಪನಿ ಮುಳುಗಿತು. ಹುಳದಿಂದ ಅಲ್ಲ, ಹಡಗಿನಿಂದಲೂ ಅಲ್ಲ. ಆ ಕಂಪನಿ ಅಣ್ಣತಮ್ಮಂದಿರದಂತೆ. ಒಬ್ಬ ಬೇರೆ ಹೋಗುತ್ತೇನೆ ಎಂದನಂತೆ, ಇನ್ನೊಬ್ಬ ಬಿಡುವುದಿಲ್ಲ ಎಂದನಂತೆ. ಇಬ್ಬರೂ ಕೋರ್ಟಿಗೆ ಹೋಗಿ ತೋಟಕ್ಕೆ ಬೀಗ ಬಿತ್ತು. ಇದನ್ನು ರಾಯರು ಜಗಲಿಯ ಮೇಲೆ ಹೇಳಿದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಬೆಲೆ ಇಳಿಯಿತು, ಮತ್ತೆ ಇಳಿಯಿತು, ಕೊಳ್ಳುವವರೇ ಇಲ್ಲ ಎಂದಾಯಿತು. ಒಂದು ದಿನ ಆ ಪುಟದಲ್ಲಿ ಕಂಪನಿಯ ಹೆಸರೇ ಇರಲಿಲ್ಲ. ನನ್ನ ಬೆರಳು ಮೇಲಕ್ಕೂ ಕೆಳಕ್ಕೂ ಓಡಾಡಿ ಸುಮ್ಮನಾಯಿತು.

ಬೀದಿಯಲ್ಲಿ ಯಾರೂ ಅಮ್ಮನನ್ನು ದೂರಲಿಲ್ಲ. ಪೂಜಾರಪ್ಪನವರ ವಾದ ಗಟ್ಟಿಯಾಗಿತ್ತು: "ಇಟ್ಕೊಳ್ಳಲಾ ಅಂತ ಕೇಳಿದ್ರಿ. ಇಟ್ಕೋ ಅಂದ್ಲು. ಇಟ್ಕೊಂಡಿದ್ದೀರಿ. ಲಾಭ ಬತ್ತದೆ ಅಂತ ಯಾವಾಗ ಅಂದ್ಲು?" ಅಶ್ವತ್ಥಪ್ಪನವರು ಪತ್ರ ತೆಗೆದು ಅದೇ ಕಟ್ಟಿಗೆ ತಮ್ಮ ತಂದೆಯ ಫೋಟೋ ಹಾಕಿದರು. ನನ್ನ ದುಡ್ಡೂ ಹೋಯಿತು. 'ನಾನೂ ಕಳೆದುಕೊಂಡೆ' ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನನಗೆ ಬೇಕಾಗಿದ್ದದ್ದು ದುಡ್ಡಲ್ಲ, ಭಾವ. ಅವರು ನನಗೆ ಸಿಕ್ಕಿದ್ದರು. ನಾನು ಏನನ್ನೂ ಕಳೆದುಕೊಂಡಿರಲಿಲ್ಲ.

ಈಗ ಎರಡನೆಯದು.

ಅದೊಂದು ಮಧ್ಯಾಹ್ನ. ಮಗ್ಗಗಳು ಓಡುತ್ತಿದ್ದವು. ದೊಡ್ಡಬಳ್ಳಾಪುರದಲ್ಲಿ ಆ ವರ್ಷ ನೂಲಿನ ಬೆಲೆ ವಿಪರೀತ ಏರಿತ್ತು, ಅಶ್ವತ್ಥಪ್ಪನವರು ಸಾಲ ಕೊಡುವುದನ್ನೂ ಬಿಗಿ ಮಾಡಿದ್ದರು, ಅದೂ ಅಲ್ಲದೆ... ಇಲ್ಲ. ಇಲ್ಲಿ ಯಾರಾದರೂ ಕೆಮ್ಮಬೇಕು.

ಭಾವ ನಾಲ್ಕೂ ಮಗ್ಗ ನಿಲ್ಲಿಸಿದರು. ಕರೆಂಟು ಇದ್ದಾಗ ಅವರು ಹಾಗೆ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ನನ್ನೆದುರು ಬಂದು ನಿಂತರು. ವಯಸ್ಸಿನಲ್ಲಿ ದೊಡ್ಡವರು, ಅಕ್ಕನ ಗಂಡ, ನಾನು ಕಾಲು ಮುಟ್ಟಬೇಕಾದವರು. ನನ್ನ ಎರಡೂ ಕೈ ಹಿಡಿದುಕೊಂಡರು.

"ನಾಗ, ನಿನ್ನತ್ರ ಒಂದು ತಪ್ಪೊಪ್ಪಿಕೊಳ್ಬೇಕು. ನಾನು ಷೇರು ಮಾರೋಕೆ ಹೊರಟಿದ್ದು ಹುಳದ ಭಯಕ್ಕಲ್ಲ. ನಿನ್ನ ಮನೆ ಬಿಟ್ಟು ಹೋಗ್ಬೇಕು ಅಂತ. ಅಪ್ಪ ಇಲ್ಲದ ಹುಡುಗನ್ನ ಒಬ್ಬನ್ನೇ ಬಿಟ್ಟು ಬೇರೆ ಹೋಗ್ಬೇಕು ಅಂತ ಮನಸ್ಸಲ್ಲಿ ಇಟ್ಕೊಂಡು ಅಮ್ಮನ ಮುಂದೆ ಕೂತೆ. ಅವಳಿಗೆ ಗೊತ್ತಾಗಲ್ವಾ? ಅದಕ್ಕೇ ಇಲ್ಲೇ ಇರು ಅಂದ್ಲು. ಹೊಲಾನೂ ಕಿತ್ಕೊಂಡ್ಲು. ತಪ್ಪಾಯ್ತು ಕಣಪ್ಪಾ. ಮನಸ್ಸಲ್ಲಿಟ್ಕೋಬೇಡ."

ಆಗ ಹೇಳಬಹುದಿತ್ತು. ಮಗ್ಗಗಳು ನಿಂತಿದ್ದವು, ಮನೆ ನಿಶ್ಶಬ್ದವಾಗಿತ್ತು, ಅವರ ಕಿವಿ ಆಗ ಚೆನ್ನಾಗಿ ಕೇಳುತ್ತಿತ್ತು. ಒಂದೇ ಮಾತು ಸಾಕಿತ್ತು — ಹಿಡಿ ತಳ್ಳಿದ್ದು ನಾನು.

ನಾನು ಅಂದದ್ದು ಇದು: "ಹೋಗ್ಲಿ ಬಿಡಿ ಭಾವ. ಆಗಿದ್ದಾಗೋಯ್ತು. ನಾನೇನೂ ಅಂದ್ಕೊಂಡಿಲ್ಲ."

ನಾನು ಅವರನ್ನು ಕ್ಷಮಿಸಿದೆ. ನಾನು, ಅವರನ್ನು. ಇನ್ನೂ ನಾಚಿಕೆಯ ಮಾತೆಂದರೆ — ಹಾಗಂದ ಮೇಲೆ ನನಗೆ ನಾನೇ ಸ್ವಲ್ಪ ದೊಡ್ಡ ಮನಸ್ಸಿನವನಂತೆ ಕಂಡೆ. ಅವರ ಬೆನ್ನು ತಟ್ಟಿದೆ. ಅಂದು ಸಂಜೆ ಅಕ್ಕ ಹುರುಳಿ ಸಾರು ಮಾಡಿದ್ದಳು, ನಾನು ಎರಡು ಮುದ್ದೆ ಉಂಡೆ.

ಆಮೇಲೆ ನಾನು ಮಾಡಿದ ಪ್ರಾಯಶ್ಚಿತ್ತವೆಂದರೆ ಆ ಮಗ್ಗವನ್ನು ಗೋಡೆಯಿಂದ ಈಚೆಗೆ ತೆಗೆಸಿದ್ದು. ಜಾಗ ಸಾಲದು ಎಂದು ನೆಪ ಹೇಳಿದೆ. ಜರುಗಿಸಿದವರೂ ಭಾವನೇ. ಅಂದಿನಿಂದ ಅಮ್ಮನ ಹೂವು ಎರಡೂ ಕಡೆ ಬೀಳತೊಡಗಿ, ನಮ್ಮ ಬೀದಿಯಲ್ಲಿ ಸಂಬಂಧಗಳು ಕುದುರುವುದು ನಿಧಾನವಾಯಿತು. ಈಗಿನ ಹುಡುಗಿಯರಿಗೆ ಮೊದಲಿನ ಭಕ್ತಿ ಇಲ್ಲ, ಅದಕ್ಕೇ ಅಮ್ಮ ಬೇಗ ಒಪ್ಪುವುದಿಲ್ಲ ಎಂದು ಪೂಜಾರಪ್ಪನವರು ಕಾರಣ ಕೊಟ್ಟರು. ಅದಕ್ಕೂ ನಾನು ತಲೆದೂಗಿದೆ.

ಕೆಲವು ವರ್ಷಗಳ ಮೇಲೆ ರೇಷನ್ ಅಂಗಡಿಗೆ ನಿಜವಾಗಿಯೂ ತಾಳೆ ಎಣ್ಣೆ ಬಂತು. ಹಿಂದೂಪುರದ ಸಾಹುಕಾರ ಹೇಳಿದ್ದು ಸುಳ್ಳಾಗಿರಲಿಲ್ಲ, ನಮ್ಮ ಕಂಪನಿಯದ್ದಾಗಿರಲಿಲ್ಲ ಅಷ್ಟೆ. ಅಕ್ಕ ಅದರಲ್ಲಿ ಮೆಣಸಿನಕಾಯಿ ಬಜ್ಜಿ ಕರಿದಳು. ಭಾವ ಒಂದನ್ನು ಮುರಿದು ಮೂಸಿ ನೋಡಿ, "ಇದು ನಮ್ಮ ತೋಟದ್ದಾ, ಅಣ್ಣತಮ್ಮಂದಿರು ಜಗಳದಲ್ಲಿ ಹಂಚ್ಕೊಂಡಿದ್ದಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಭಾವನದು ಎನ್ನುವ ಮಗ್ಗ ಬಂದದ್ದು ಬಹಳ ತಡವಾಗಿ. ಕೂಲಿಯಲ್ಲಿ ಉಳಿಸಿ ಉಳಿಸಿ ಕೊನೆಗೆ ಹಿಂದಿನ ಬೀದಿಯಲ್ಲಿ ಒಂದು ಮನೆ ಹಿಡಿದರು. ಅಕ್ಕ ನೋಡಿಟ್ಟಿದ್ದ ಜಗಲಿ ಮನೆಯಲ್ಲ, ಅದನ್ನು ಅಷ್ಟರಲ್ಲಿ ಕೆಡವಿದ್ದರು. ಹೊಸಿಲಿತ್ತು, ಜಗಲಿ ಇರಲಿಲ್ಲ. ಮಗ್ಗ ಬಂದಾಗ ಭಾವನಿಗೆ ಅದರ ಮುಂದೆ ನಿಲ್ಲುವ ಕಾಲು ಉಳಿದಿರಲಿಲ್ಲ. ಓಡಿಸಲು ಬೇರೊಬ್ಬನನ್ನು ಇಟ್ಟುಕೊಂಡು, ತಾವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅದರ ಮೇಲೆ ಕೈಯಿಟ್ಟು ಕೂರುತ್ತಾರೆ. ಕಿವಿಯೂ ಹೋಗಿದೆ, ಮಗ್ಗದ ಸದ್ದು ಯಾರ ಕಿವಿಯನ್ನು ಉಳಿಸಿದೆ. ಆದರೆ ತುಟಿ ನೋಡಿದರೆ ಎಲ್ಲ ತಿಳಿಯುತ್ತದೆ.

ಹೋದ ತಿಂಗಳು ಅವರಿಗೆ ಹೇಳಿದೆ. ಹೇಳಿದೆ ಎಂದರೆ — ಮಗ್ಗ ಓಡುತ್ತಿತ್ತು, ನಾನು ಮುಖವನ್ನು ಮಗ್ಗದ ಕಡೆ ತಿರುಗಿಸಿಕೊಂಡು ಹೇಳಿದೆ. ಹಿಡಿ, ಹೂವು, ಚೊಂಬು, ಎಲ್ಲವನ್ನೂ. ತಿರುಗಿ ನೋಡಿದಾಗ ಭಾವ ನಗುತ್ತಾ, "ಹೂಂ, ಬೆಲ್ಟು ಹೊಸದು. ಹೋದ್ ವಾರ ಹಾಕ್ಸಿದ್ದು," ಎಂದರು. ಅದನ್ನೂ ಒಪ್ಪಿಕೊಳ್ಳುವುದು ಎನ್ನುವುದಾದರೆ ನಾನು ಕಲಿತದ್ದು ಏನೂ ಇಲ್ಲ.

ಭಾವ, ಅದಕ್ಕೇ ಇದನ್ನು ಬರೆದೆ. ನಿಮ್ಮ ಕಣ್ಣು ಇನ್ನೂ ಚೆನ್ನಾಗಿದೆ, ಓದುತ್ತೀರಿ. ಅಮ್ಮ ನಿಮಗೆ ಇಲ್ಲೇ ಇರು ಎಂದಿರಲಿಲ್ಲ. ನಿಮ್ಮ ಹೊಲವನ್ನು ಅಮ್ಮ ಕಿತ್ತುಕೊಳ್ಳಲಿಲ್ಲ. ಸ್ವಂತ ಹೊಸಿಲಿನ ಮೇಲೆ ಕೂತು ಒಂದು ಬೀಡಿ ಸೇದಬೇಕೆಂದದ್ದು ತಪ್ಪೇ ಆಗಿರಲಿಲ್ಲ. ಅಂದು ನೀವು ನನ್ನ ಕೈ ಹಿಡಿದು ಕೇಳಿದ ಕ್ಷಮೆಯನ್ನು ನಾನು ಕೊಟ್ಟವನಂತೆ ನಟಿಸಿದೆ. ಕೊಡುವುದಕ್ಕೆ ಅದು ನನ್ನದಾಗಿರಲಿಲ್ಲ. ಅದನ್ನು ವಾಪಸು ತರುತ್ತಿದ್ದೇನೆ, ನೀವು ತೆಗೆದುಕೊಳ್ಳಬೇಕು. ನನಗೆ ಬದಲಿಗೆ ಏನನ್ನೂ ಕೊಡಬೇಡಿ. ಬೈದರೆ ಬೈಸಿಕೊಳ್ಳುತ್ತೇನೆ.

ನಾಳೆ ಬೆಳಗ್ಗೆ ಬರುತ್ತೇನೆ. ಬಂದವನು ಮೊದಲು ಮಗ್ಗದ ಹಿಡಿಯನ್ನು ಹಿಂದಕ್ಕೆಳೆದು ನಿಲ್ಲಿಸುತ್ತೇನೆ. ಆಮೇಲೆ ನಿಮ್ಮೆದುರು ಕೂತು, ನನ್ನ ತುಟಿ ನಿಮಗೆ ಕಾಣುವ ಹಾಗೆ ಹೇಳುತ್ತೇನೆ.